ಮರೆವಿಗೊಂದು ಅಳತೆಗೋಲು

ವಾಕಡದಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ಊರಿನ ದಾರಿಯನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ರಾತ್ರಿ ಊಟ ಮುಗಿಸಿ, ಚೀಲ ಹಿಡಿದು ಹೆದ್ದಾರಿಯ ಬದಿಯಲ್ಲಿ ನಿಂತರೆ ಸಾಕು. ಮುಂಬಯಿಯಿಂದ ಬಂದ ಬಸ್ಸು ನಮ್ಮನ್ನು ಹತ್ತಿಸಿಕೊಂಡು ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರುಗಳನ್ನು ದಾಟಿ ಬೆಂಗಳೂರು ಸೇರಿಸುತ್ತದೆ. ಈ ರಸ್ತೆಯ ಎರಡೂ ತುದಿಗಳಲ್ಲಿ ಒಂದೇ ರೋಗದ ಬೆನ್ನು ಹತ್ತಿದ ಎರಡು ಸಂಸ್ಥೆಗಳಿವೆ. ನಮ್ಮ ಕಡೆಯದು ಭೋಸರಿಯಲ್ಲಿ, ವಾಕಡದಿಂದ ನಾಶಿಕ ಫಾಟಾ ದಾಟಿದರೆ ಸಿಗುತ್ತದೆ. 1992ರಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಎಂಬ ಹೆಸರಿನಿಂದ ಆರಂಭವಾಗಿ, ಈಚಿನ ವರ್ಷಗಳಲ್ಲಿ ವೈರಾಣುಶಾಸ್ತ್ರವನ್ನೂ ತನ್ನ ಹೆಸರಿಗೆ ಸೇರಿಸಿಕೊಂಡಿದೆ. ಆ ತುದಿಯದು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಅದರ ಪರಿಚಯ ಕನ್ನಡಿಗರಿಗೆ ಬೇಕಿಲ್ಲ.

ಏಡ್ಸ್ ಎಂದೊಡನೆ ತೂಕ ಇಳಿಯುವುದು, ನಿಲ್ಲದ ಭೇದಿ, ಕ್ಷಯ ಇವಷ್ಟೇ ನಮಗೆ ನೆನಪಾಗುತ್ತವೆ. ಆ ರೋಗಾಣು ಮಿದುಳಿಗೂ ಇಳಿದು ಮನುಷ್ಯನ ನೆನಪು, ಲೆಕ್ಕ, ಮಾತಿನ ವೇಗ, ಕೈಬೆರಳುಗಳ ಚುರುಕುಗಳನ್ನು ಮಂದಗೊಳಿಸಬಲ್ಲದೆಂಬುದು ಓದಿದವರಲ್ಲಿಯೂ ಬಹಳ ಮಂದಿಗೆ ತಿಳಿಯದು. ಅದನ್ನು ನಮ್ಮ ದೇಶದಲ್ಲಿ ಕಂಡುಹಿಡಿದು ಅಳೆದ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ. ಈ ಲೇಖಕನು ವಿಜ್ಞಾನದ ಪದವೀಧರನೇ ಹೊರತು ವೈದ್ಯನಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತ ನೋಡುವ ಗುಮಾಸ್ತ. ಆದರೂ ಇದನ್ನು ಬರೆಯಲು ನನಗೊಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಸೋದರಮಾವ ಬಾಗಲಕೋಟೆ ಜಿಲ್ಲೆಯ ಬೆಲ್ಲದ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕಿರ್ದಿ-ಖಾತೆಯಲ್ಲಿ ಅವರದು ಪಳಗಿದ ಕೈ. ಒಂದು ಪುಟದ ಅಂಕಿಗಳ ಮೇಲೆ ಮೇಲಿನಿಂದ ಕೆಳಗೆ ಒಮ್ಮೆ ಬೆರಳಾಡಿಸಿದರೆ ಬೇರೀಜು ಬಾಯಿಗೇ ಬರುತ್ತಿತ್ತು. 1999ರ ಬೇಸಿಗೆಯಲ್ಲಿ, ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಅವರ ಮನೆಯಲ್ಲಿ ಹದಿನೈದು ದಿನ ಇದ್ದೆ. ಮಾಮಾ ಮನೆಯ ಖರ್ಚಿನ ವಹಿ ಹಿಡಿದು ಒಂದೇ ಪುಟವನ್ನು ಮೂರು ಸಲ ಕೂಡಿಸುತ್ತಿದ್ದರು. ಮೂರು ಸಲವೂ ಬೇರೆ ಬೇರೆ ಉತ್ತರ. "ಅಳಿಯಾ, ಈ ಬೇರೀಜು ಬರವಲ್ದು ನೋಡಪಾ, ಒಂದ್ಸಲ ನೀ ಕೂಡಿಸು" ಎಂದರು. ನಾನು ಕೂಡಿಸಿ ಕೊಟ್ಟು, "ಮಾಮಾ, ನಿಮಗ ಲಕ್ಷ್ಯ ಇಲ್ಲ" ಎಂದು ನಕ್ಕೆ. ಅವರೂ ನಕ್ಕರು. ಆ ವರ್ಷದ ದೀಪಾವಳಿಗೆ ಅಂಗಡಿಯವರು ಹೊಸ ಕಿರ್ದಿಗೆ ಪೂಜೆ ಮಾಡುವ ಮುನ್ನವೇ ಅವರನ್ನು ಕೆಲಸದಿಂದ ಬಿಡಿಸಿದರು. ಕುಡಿತ ಎಂದರು ಕೆಲವರು. ಸೋಮಾರಿತನ ಎಂದರು ಹಲವರು. ಮರುವರ್ಷ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯಾಯಿತು. ಅಲ್ಲಿಂದ ಮುಂದೆ ಬಂಧುಬಳಗದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಆ ರೋಗ ಎಲ್ಲಿಂದ ಬಂತು? ಅಷ್ಟು ಚುರುಕಾದ ತಲೆಗೆ ಏನಾಯಿತೆಂದು ಒಬ್ಬರೂ ಕೇಳಲಿಲ್ಲ. 2001ರ ಮಳೆಗಾಲದಲ್ಲಿ ಅವರು ಕ್ಷಯದಿಂದ ತೀರಿಕೊಂಡರು.

ಇಷ್ಟು ವರ್ಷಗಳ ಮೇಲೆ ಕುಳಿತು ಮಾಮಾನ ರೋಗನಿರ್ಣಯ ಮಾಡಲು ನಾನು ಹೊರಟಿಲ್ಲ. ಮಿದುಳಿಗೆ ಹಬ್ಬಿದ ಕ್ಷಯವೂ ಹಾಗೆ ಮಾಡಬಲ್ಲದು, ದುಃಖವೂ ಮಾಡಬಲ್ಲದು. ಆದರೆ ಯಾರೂ ಕೇಳದ ಆ ಪ್ರಶ್ನೆಯನ್ನು ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕೆಲವರು ಕೇಳುತ್ತಿದ್ದರು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಅಮೆರಿಕದಲ್ಲಿ ಈ ರೋಗದ ಮೊದಲ ವರದಿ ಬಂದದ್ದು 1981ರ ಜೂನ್‌ನಲ್ಲಿ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ರೋಗಾಣುವನ್ನು ಗುರುತಿಸಿದರು. 1986ರಲ್ಲಿ ಅಮೆರಿಕದ ನರವೈದ್ಯರಾದ ನವಿಯಾ, ಜೋರ್ಡನ್, ಪ್ರೈಸ್ ಎಂಬವರು ಏಡ್ಸ್ ರೋಗಿಗಳಲ್ಲಿ ಕಾಣುವ ಒಂದು ವಿಶಿಷ್ಟ ಬುದ್ಧಿಮಾಂದ್ಯವನ್ನು ವಿವರಿಸಿದರು. ಮೊದಲು ಮರೆವು, ಏಕಾಗ್ರತೆಯ ಕೊರತೆ. ಆಮೇಲೆ ನಿಧಾನಗತಿ, ಕೈಕಾಲುಗಳ ತಡವರಿಕೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ಸುಮ್ಮನೆ ಕೂರುವುದು. ಕೊನೆಗೆ ಪೂರ್ಣ ಮಾಂದ್ಯ. ಮುಪ್ಪಿನಲ್ಲಿ ಬರುವ ಅರಳುಮರಳಿಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಮನುಷ್ಯ ಮೊದಲು ಕಳೆದುಕೊಳ್ಳುವುದು ವೇಗವನ್ನು. ಉತ್ತರ ಗೊತ್ತಿರುತ್ತದೆ, ಬರುವುದು ತಡವಾಗುತ್ತದೆ. ನೋಡುವವರಿಗೆ ಅದು ರೋಗವೆನ್ನಿಸದೆ ಸೋಮಾರಿತನವೆಂದೇ ತೋರುವುದು ಸಹಜ.

ಅದೇ 1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರೂ ಭಾರತದಲ್ಲಿ ಈ ಸೋಂಕು ಇರುವುದನ್ನು ಮೊದಲು ತೋರಿಸಿಕೊಟ್ಟರು. ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳನ್ನು ವೆಲ್ಲೂರಿನಲ್ಲಿ ಪರೀಕ್ಷಿಸಲಾಯಿತು. ನಮ್ಮಲ್ಲಿ ಇಂಥ ರೋಗ ಬರಲಾರದು ಎಂಬ ನಂಬಿಕೆ ಆಗ ಬಲವಾಗಿತ್ತು. ಅದು ಸುಳ್ಳಾಗಲು ಬಹಳ ಕಾಲ ಬೇಕಾಗಲಿಲ್ಲ. ಹತ್ತು-ಹದಿನೈದು ವರ್ಷಗಳಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಹೆಚ್ಚು ಸೋಂಕಿನ ರಾಜ್ಯಗಳಾದವು. ನಮ್ಮ ಬಾಗಲಕೋಟೆ ದೇಶದ ಹೆಚ್ಚು ಸೋಂಕಿನ ಜಿಲ್ಲೆಗಳ ಪಟ್ಟಿ ಸೇರಿತು.

ಇನ್ನು ನಿಮ್ಹಾನ್ಸ್. ಬೆಂಗಳೂರಿನಲ್ಲಿ 1847ರಲ್ಲಿಯೇ ಹುಚ್ಚಾಸ್ಪತ್ರೆ ಇತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ ಅದು ಬೆಳೆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರ ಮಗ್ಗುಲಲ್ಲಿಯೇ ಹುಟ್ಟಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋವೈದ್ಯರು, ನರವೈದ್ಯರು, ಶಸ್ತ್ರವೈದ್ಯರು, ರೋಗಾಣುಶಾಸ್ತ್ರಜ್ಞರು, ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡುವವರು, ಬುದ್ಧಿಶಕ್ತಿಯನ್ನು ಅಳೆಯುವ ಮನಶ್ಶಾಸ್ತ್ರಜ್ಞರು, ಎಲ್ಲರೂ ಒಂದೇ ಆವರಣದಲ್ಲಿ ಇರುವಂಥ ಸ್ಥಳ ನಮ್ಮ ದೇಶದಲ್ಲಿ ಅಪರೂಪ. ಮುಂದಿನ ಕಥೆಯೆಲ್ಲ ಸಾಧ್ಯವಾದದ್ದು ಈ ನೆರೆಹೊರೆಯಿಂದ ಎಂದು ನನ್ನ ಅಭಿಪ್ರಾಯ.

ಈ ಕಥೆಯಲ್ಲಿ ಮುಖ್ಯವಾಗಿ ಬರುವವರು ನರವೈದ್ಯ ಡಾ. ಪಿ. ಸತೀಶ್ಚಂದ್ರ, ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್, ವೈರಾಣುಶಾಸ್ತ್ರಜ್ಞ ಡಾ. ವಿ. ರವಿ, ಡಾ. ಅನಿತಾ ಮಹದೇವನ್ ಮೊದಲಾದವರು. ಸತೀಶ್ಚಂದ್ರರು ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರೂ ಆದರು. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಕೆಲವರಿಗೆ ಬರುವ ಅಪಸ್ಮಾರದ ಮೇಲೂ ಅವರ ಕೆಲಸ ಪ್ರಸಿದ್ಧ. ಹಂಡೆಯ ಬಿಸಿನೀರನ್ನು ಚೆಂಬಿನಿಂದ ನೆತ್ತಿಯ ಮೇಲೆ ಸುರಿದುಕೊಳ್ಳುವುದು ನಮ್ಮ ನಾಡಿನ ಅಭ್ಯಾಸವಲ್ಲವೇ? ಆ ರೋಗವನ್ನು ಕಾಣಲು ಆ ಬಚ್ಚಲುಮನೆಯ ಪರಿಚಯವೂ ಬೇಕು. ಡಾ. ರವಿಯವರನ್ನು ಕೊರೋನಾ ಕಾಲದಲ್ಲಿ ಕರ್ನಾಟಕದ ವಾರ್ತೆಗಳಲ್ಲಿ ನೋಡಿದ ನೆನಪು ವಾಚಕರಿಗೆ ಇರಬಹುದು.

1989ರಿಂದ ಎಚ್.ಐ.ವಿ. ಸೋಂಕಿದ್ದು ನರಗಳ ತೊಂದರೆಯಿಂದ ಬಂದ ರೋಗಿಗಳ ದಾಖಲೆಯನ್ನು ಇವರು ಕ್ರಮವಾಗಿ ಇಡುತ್ತ ಬಂದರು. 1989ರಿಂದ 1996ರ ವರೆಗಿನ ಆ ದಾಖಲೆ 2000ದಲ್ಲಿ ಪ್ರಕಟವಾಯಿತು. ಅದರಲ್ಲಿ ತುಂಬಿಕೊಂಡಿದ್ದದ್ದು ಅನ್ಯ ಸೋಂಕುಗಳು: ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರದಿಂದ ಮಿದುಳಿನ ಪೊರೆಗೆ ಬರುವ ಜ್ವರ, ಮಿದುಳಿನ ಕ್ಷಯ, ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯಿಂದಾಗುವ ಗಂಟುಗಳು. ದೇಹದ ರಕ್ಷಣಾಶಕ್ತಿ ಕುಸಿದಾಗ ಇವು ನುಗ್ಗುತ್ತವೆ. ಪುಣೆಯಲ್ಲಿ ಹಿರಿಯ ನರವೈದ್ಯ ಡಾ. ಆರ್. ಎಸ್. ವಾಡಿಯಾ ಮತ್ತು ಸಹೋದ್ಯೋಗಿಗಳು ತಮ್ಮ ಎಚ್.ಐ.ವಿ. ರೋಗಿಗಳಲ್ಲಿ ಕಂಡ ನರಸಂಬಂಧಿ ತೊಂದರೆಗಳ ವರದಿಯನ್ನು 2001ರಲ್ಲಿ ಪ್ರಕಟಿಸಿದರು. ಮುಂಬಯಿಯ ಜೆ. ಜೆ. ಆಸ್ಪತ್ರೆಯಿಂದಲೂ ಶವಪರೀಕ್ಷೆಯ ವರದಿ ಬಂದಿತ್ತು. ಪಶ್ಚಿಮದವರು ವಿವರಿಸಿದ್ದ ಆ ಘೋರ ಬುದ್ಧಿಮಾಂದ್ಯ ಮಾತ್ರ ನಮ್ಮ ದೇಶದ ವರದಿಗಳಲ್ಲಿ ವಿರಳವಾಗಿತ್ತು.

ಯಾಕೆ? ಇಲ್ಲಿಂದ ಸಂಶೋಧನೆ ನಿಜವಾಗಿ ರುಚಿ ಹಿಡಿಯುತ್ತದೆ.

ಮೊದಲ ಉತ್ತರ ಸರಳ, ಕ್ರೂರ. ನಮ್ಮ ರೋಗಿಗಳು ಬುದ್ಧಿಮಾಂದ್ಯ ಬರುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. ಕ್ಷಯವೋ ಶಿಲೀಂಧ್ರವೋ ಮೊದಲೇ ಅವರನ್ನು ಒಯ್ಯುತ್ತಿತ್ತು. ಎರಡನೆಯ ಉತ್ತರ ರೋಗಾಣುವಿನ ಜಾತಿಯದು. ಅಮೆರಿಕ ಮತ್ತು ಯೂರೋಪುಗಳಲ್ಲಿ ಹೆಚ್ಚಾಗಿರುವುದು ಈ ವೈರಸ್ಸಿನ ಬಿ ಉಪವರ್ಗ. ಭಾರತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಿ ಉಪವರ್ಗ. ನಮ್ಮ ರೋಗಾಣು ಮಿದುಳಿನ ಮಟ್ಟಿಗೆ ಸ್ವಲ್ಪ ಸೌಮ್ಯವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾಗಿದ್ದದ್ದು ಮಿದುಳು. 1995ರಲ್ಲಿ ಡಾ. ಶಂಕರ್ ಅವರು ನಿಮ್ಹಾನ್ಸ್‌ನಲ್ಲಿ ಮಾನವ ಮಿದುಳಿನ ಬ್ಯಾಂಕನ್ನು ಆರಂಭಿಸಿದ್ದರು. ಬ್ಯಾಂಕು ಎಂದರೆ ನಗಬೇಡಿ. ಇಲ್ಲಿ ಠೇವಣಿ ಇಡುವವರು ಸತ್ತವರ ಮನೆಯವರು. ಮಿದುಳಿನ ಒಂದು ಭಾಗವನ್ನು ಫಾರ್ಮಲಿನ್‌ನಲ್ಲಿ, ಇನ್ನೊಂದು ಭಾಗವನ್ನು ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡುತ್ತಾರೆ. ರೋಗದ ಮಿದುಳನ್ನು ಹೋಲಿಸಿ ನೋಡಲು ಆರೋಗ್ಯವಂತರ ಮಿದುಳೂ ಬೇಕು. ಅದು ಬಹುಮಟ್ಟಿಗೆ ರಸ್ತೆ ಅಪಘಾತದಲ್ಲಿ ತೀರಿಕೊಂಡವರಿಂದ ಬರುತ್ತದೆ. ಮಗನನ್ನು ಕಳೆದುಕೊಂಡ ತಂದೆತಾಯಿಗಳ ಬಳಿ ಅದೇ ಘಳಿಗೆಯಲ್ಲಿ ಹೋಗಿ ಅವನ ಮಿದುಳನ್ನು ವಿಜ್ಞಾನಕ್ಕೆ ಕೊಡಿರೆಂದು ಕೇಳಬೇಕು. ನಮ್ಮ ಜನ ಕೊಟ್ಟಿದ್ದಾರೆ. ಏಡ್ಸ್ ಎಂದರೆ ಹೆಣ ಮುಟ್ಟಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅಲ್ಲಿಯ ವೈದ್ಯರೂ ಸಹಾಯಕರೂ ಅಂಥವರ ಶವಪರೀಕ್ಷೆಯನ್ನು ಮಾಡಿದ್ದಾರೆ. ಈ ಬ್ಯಾಂಕಿಗೆ ಹೊಂದಿಕೊಂಡ ಸಂಗ್ರಹಾಲಯದಲ್ಲಿ ಸಾರ್ವಜನಿಕರು ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು; ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ತೋರಿಸಬೇಕಾದ ಸ್ಥಳ.

ಮಿದುಳಿಗೆ ರೋಗಾಣು ಹೇಗೆ ಹೋಗುತ್ತದೆ? ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬಿಗಿಯಾದ ತಡೆಗೋಡೆಯಿದೆ. ಬರಿಯ ರೋಗಾಣು ಅದನ್ನು ಸುಲಭವಾಗಿ ದಾಟಲಾರದು. ಆದರೆ ಮಾನೋಸೈಟ್ ಎಂಬ ಬಿಳಿಯ ರಕ್ತಕಣಗಳಿಗೆ ಒಳಗೆ ಹೋಗಲು ಅಪ್ಪಣೆಯುಂಟು. ಸೋಂಕು ತಗಲಿದ ಕಣ ಒಳಗೆ ಹೋದರೆ ಅದರ ಹೊಟ್ಟೆಯಲ್ಲಿ ರೋಗಾಣುವೂ ಹೋಯಿತು. ಒಳಗೆ ಅದು ನರಕೋಶವನ್ನು ನೇರವಾಗಿ ಹಿಡಿಯುವುದಿಲ್ಲ. ಮಿದುಳಿನ ಕಾವಲು ಕೋಶಗಳನ್ನು ಹಿಡಿಯುತ್ತದೆ. ಅವು ಕೆರಳಿ ಸ್ರವಿಸುವ ವಿಷಗಳೂ, ರೋಗಾಣುವಿನದೇ ಕೆಲವು ಪ್ರೋಟೀನುಗಳೂ ಸೇರಿ ಪಕ್ಕದ ನರಕೋಶಗಳನ್ನು ಕೊರೆಯುತ್ತವೆ. ಕಾವಲುಗಾರನೇ ಕನ್ನ ಹಾಕುವವನಿಗೆ ಬಾಗಿಲು ತೆರೆದಂತೆ.

ಆ ಪ್ರೋಟೀನುಗಳಲ್ಲಿ ಒಂದರ ಹೆಸರು ಟ್ಯಾಟ್. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ ಎಂದು ತಿಳಿಯಿರಿ. ನೂರರ ಆಸುಪಾಸಿನಷ್ಟು ಮಣಿಗಳು. ಬಿ ಉಪವರ್ಗದ ಟ್ಯಾಟ್‌ನಲ್ಲಿ 30 ಮತ್ತು 31ನೆಯ ಸ್ಥಾನಗಳಲ್ಲಿ ಸಿಸ್ಟೀನ್ ಎಂಬ ಮಣಿಗಳು ಜೋಡಿಯಾಗಿ ಕೂತಿವೆ. ಈ ಜೋಡಿಗೆ ಮಾನೋಸೈಟುಗಳನ್ನು ಕೈಬೀಸಿ ಕರೆಯುವ ಗುಣವಿದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಉದಯಕುಮಾರ್ ರಂಗ ಮತ್ತು ಸಂಗಡಿಗರು, ನಿಮ್ಹಾನ್ಸ್‌ನವರ ಜೊತೆ ಸೇರಿ, 2004ರಲ್ಲಿ ಪ್ರಕಟಿಸಿದ ಸಂಗತಿ ಇದು: ಭಾರತದ ಸಿ ಉಪವರ್ಗದಲ್ಲಿ 31ನೆಯ ಸ್ಥಾನದ ಸಿಸ್ಟೀನ್ ಹೋಗಿ ಅಲ್ಲಿ ಸೆರೀನ್ ಕೂತಿದೆ. ಜೋಡಿ ಒಡೆದದ್ದರಿಂದ ಕರೆಯುವ ಶಕ್ತಿ ಕುಂದಿದೆ. ಒಂದೇ ಒಂದು ಮಣಿಯ ವ್ಯತ್ಯಾಸ! ಬಿ.ಎಸ್ಸಿ.ಯ ರಸಾಯನಶಾಸ್ತ್ರದಲ್ಲಿ ಸಿಸ್ಟೀನು, ಸೆರೀನುಗಳ ರಚನೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಗಂಧಕದ ಜಾಗದಲ್ಲಿ ಆಮ್ಲಜನಕ, ಇಷ್ಟೇ ಅವುಗಳಿಗಿರುವ ಭೇದ. ಅದರ ಮೇಲೆ ಮನುಷ್ಯರ ನೆನಪು ನಿಂತಿದ್ದೀತೆಂದು ಆಗ ಯಾರಾದರೂ ಹೇಳಿದ್ದರೆ ಬಹುಶಃ ಇನ್ನೂ ನಾಲ್ಕು ಅಂಕ ಹೆಚ್ಚು ತೆಗೆಯುತ್ತಿದ್ದೆ.

2008ರಲ್ಲಿ ಇದಕ್ಕೆ ಎರಡು ಕಡೆಯಿಂದ ಬೆಂಬಲ ಬಂತು. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಡಾ. ಪಂಕಜ್ ಸೇಠ್ ಅವರ ತಂಡ, ಬೆಂಗಳೂರಿನ ರಂಗ ಅವರ ಜೊತೆಗೂಡಿ, ಬಿ ಉಪವರ್ಗದ ಟ್ಯಾಟ್ ಮಾನವ ನರಕೋಶಗಳಿಗೆ ಸಿ ಉಪವರ್ಗದ್ದಕ್ಕಿಂತ ಹೆಚ್ಚು ವಿಷವೆಂದು ತೋರಿಸಿತು. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಡಾ. ವಿನಾಯಕ ಪ್ರಸಾದ್ ಅವರ ಪ್ರಯೋಗಶಾಲೆಯಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಬಿ ಸೋಂಕಿನ ಇಲಿಗಳು ಭಾರತದ ಸಿ ಸೋಂಕಿನ ಇಲಿಗಳಿಗಿಂತ ನೆನಪಿನ ಪರೀಕ್ಷೆಯಲ್ಲಿ ಹೆಚ್ಚು ತಪ್ಪು ಮಾಡಿದವು. ಆದರೆ ಅದೇ ಪ್ರಯೋಗಶಾಲೆ 2013ರಲ್ಲಿ ಇನ್ನೊಂದು ಮಾತು ಹೇಳಿತು: ದಕ್ಷಿಣ ಆಫ್ರಿಕದ ಕಡೆಯ ದೇಶಗಳ ಸಿ ಉಪವರ್ಗದಲ್ಲಿ ಆ ಸಿಸ್ಟೀನ್ ಜೋಡಿ ಅಷ್ಟು ವಿರಳವಲ್ಲ. ಸಿ ಎಂದ ಮಾತ್ರಕ್ಕೆ ಎಲ್ಲವೂ ಸೌಮ್ಯವಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ನಮ್ಮ ಪತ್ರಿಕೆಗಳು ಭಾರತದ ಎಚ್.ಐ.ವಿ. ಮಿದುಳನ್ನು ಮುಟ್ಟುವುದಿಲ್ಲ ಎಂದು ಶೀರ್ಷಿಕೆ ಕೊಟ್ಟು ಸುಮ್ಮನಾಗುತ್ತಿದ್ದವು. ಬೆಂಗಳೂರಿನವರು ಸುಮ್ಮನಾಗಲಿಲ್ಲ. ಹಾಸಿಗೆ ಹಿಡಿಸುವ ಮಾಂದ್ಯ ವಿರಳ, ಸರಿ. ಆದರೆ ಸಣ್ಣ ಕುಂದು? ಆಸ್ಪತ್ರೆಗೆ ನಡೆದು ಬರುವ, ಮಾತಾಡುವ, ಸಂಸಾರ ನಡೆಸುವ ಮನುಷ್ಯನ ಬುದ್ಧಿಯಲ್ಲಿ ಆಗಿರುವ ಸವಕಳಿಯನ್ನು ಬರಿಗಣ್ಣಿನಿಂದ ಕಾಣಲಾಗುವುದಿಲ್ಲ. ಅದಕ್ಕೆ ಅಳತೆಗೋಲು ಬೇಕು.

ಪಶ್ಚಿಮದ ಅಳತೆಗೋಲನ್ನು ತಂದು ಇಲ್ಲಿ ಇಟ್ಟರೆ ಆಗದು. ಶಾಲೆಯ ಮುಖ ನೋಡದ ರೈತನ ಕೈಗೆ ಪೆನ್ಸಿಲು ಕೊಟ್ಟು ಅಂಕಿಗಳನ್ನು ಗೆರೆಯಿಂದ ಜೋಡಿಸು ಎಂದರೆ ಅವನು ತಡಕಾಡುತ್ತಾನೆ. ಅದು ರೋಗವಲ್ಲ, ಅಭ್ಯಾಸವಿಲ್ಲದ್ದು. ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞರಾದ ಡಾ. ಶೋಭಿನಿ ರಾವ್, ಸಂಖ್ಯಾಶಾಸ್ತ್ರಜ್ಞ ಡಾ. ಡಿ. ಕೆ. ಸುಬ್ಬಕೃಷ್ಣ ಮತ್ತು ಡಾ. ಗೋಪುಕುಮಾರ್ ಅವರು 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆ ಈ ಕೊರತೆಯನ್ನು ತುಂಬಿತು. ನಮ್ಮದೇ ಆರೋಗ್ಯವಂತ ಜನರ ಮೇಲೆ ಪರೀಕ್ಷೆಗಳನ್ನು ನಡೆಸಿ, ವಯಸ್ಸು, ಹೆಣ್ಣು-ಗಂಡು, ಓದುಬರಹ ಇಲ್ಲದವರು, ಶಾಲೆ ಕಲಿತವರು, ಕಾಲೇಜು ಕಲಿತವರು ಎಂದು ಬೇರ್ಪಡಿಸಿ, ಯಾರಲ್ಲಿ ಎಷ್ಟು ಬಂದರೆ ಸಹಜ ಎಂಬ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಇಂಥ ಕೆಲಸಕ್ಕೆ ಹಾರ ಹಾಕುವವರಿಲ್ಲ. ಕಚೇರಿಯಲ್ಲಿ ವರ್ಷಗಟ್ಟಲೆ ತಃಖ್ತೆ ತುಂಬಿದವನಾದ್ದರಿಂದ ಹೇಳುತ್ತೇನೆ, ಇಡೀ ಕಥೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ಆ ಕೋಷ್ಟಕಗಳೇ.

ಆ ಅಳತೆಗೋಲನ್ನು ಹಿಡಿದು, ಇನ್ನೂ ವೈರಾಣು ನಿರೋಧಕ ಔಷಧವನ್ನು ಆರಂಭಿಸದ, ಸಿ ಉಪವರ್ಗದ ಸೋಂಕಿನ 119 ವಯಸ್ಕರನ್ನು ಬೆಂಗಳೂರಿನಲ್ಲಿ ಪರೀಕ್ಷಿಸಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ತೀವ್ರ ಮಾಂದ್ಯ ಒಬ್ಬರಲ್ಲಿಯೂ ಇರಲಿಲ್ಲ. ಆದರೆ ಶೇಕಡ 60.5 ಮಂದಿಯಲ್ಲಿ ಅಲ್ಪದಿಂದ ಮಧ್ಯಮ ಪ್ರಮಾಣದ ಕುಂದು ಕಂಡಿತು: ಮಾತಿನ ಸರಾಗತೆಯಲ್ಲಿ, ಹೊಸದನ್ನು ಕಲಿತು ನೆನಪಿಡುವುದರಲ್ಲಿ, ಒಂದು ಅಂಕಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಇನ್ನೊಂದನ್ನು ಅದಕ್ಕೆ ಸೇರಿಸುವಂಥ ತಾತ್ಕಾಲಿಕ ಸ್ಮೃತಿಯಲ್ಲಿ. ಈ ಕೊನೆಯದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಕೈಯಲ್ಲಿ ಉಳಿದ ದಶಕ ಮರೆತುಹೋದರೆ ಬೇರೀಜು ಹೇಗೆ ಬಂದೀತು?

ಪುಣೆಯ ತುದಿಯಲ್ಲೂ ಕೆಲಸ ನಡೆದಿತ್ತು. 2005ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದು ಸಣ್ಣ ಪರೀಕ್ಷೆ ಬಳಕೆಗೆ ಬಂತು. ಕಾಗದ ಬೇಡ, ಓದುಬರಹ ಬೇಡ. ಮೊದಲು ನಾಲ್ಕು ಪದ ಹೇಳಿ ನೆನಪಿಟ್ಟುಕೊಳ್ಳಲು ತಿಳಿಸುತ್ತಾರೆ. ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ ತೆರೆದು ಬಡಿಯುತ್ತ ಐದು ಸೆಕೆಂಡಿನಲ್ಲಿ ಎಷ್ಟು ಸಲವಾಯಿತೆಂದು ಎಣಿಸುತ್ತಾರೆ. 15 ಆದರೆ ಪೂರ್ಣ ನಾಲ್ಕು ಅಂಕ. ಆಮೇಲೆ ಮುಷ್ಟಿ, ಅಂಗೈ, ಅಂಗೈಯ ಅಂಚು ಎಂಬ ಕ್ರಮದಲ್ಲಿ ಕೈಯನ್ನು ಮೇಜಿನ ಮೇಲೆ ಇಡುತ್ತ ಹೋಗಬೇಕು. ಕೊನೆಗೆ ಆ ನಾಲ್ಕು ಪದ ಕೇಳುತ್ತಾರೆ. ಒಟ್ಟು 12 ಅಂಕ. 10 ಅಥವಾ ಕಡಿಮೆ ಬಂದರೆ ಹೆಚ್ಚಿನ ಪರೀಕ್ಷೆ ಬೇಕು. ಭೋಸರಿಯ ಸಂಸ್ಥೆಯವರು ಅಮೆರಿಕದ ಸಂಶೋಧಕರ ಜೊತೆ ಇದನ್ನು ನಮ್ಮ ಜನಕ್ಕೆ ಹೊಂದುವಂತೆ ಮಾರ್ಪಡಿಸಿ, ಬಳಸಿ ನೋಡಿ, 2006ರಲ್ಲಿ ವರದಿ ಮಾಡಿದರು. ಸೋಂಕಿತರಲ್ಲಿ ಕಡಿಮೆ ಅಂಕದವರು ಹೆಚ್ಚು. ಆದರೆ ಸೋಂಕಿಲ್ಲದ ಕೆಲವರೂ ಗೆರೆಯ ಕೆಳಗೆ ಬಿದ್ದರು! ಈ ಎರಡನೆಯ ಮಾತು ಮೊದಲನೆಯದಷ್ಟೇ ಮುಖ್ಯ.

ಭಾಷೆಯ ವಿಷಯವಾಗಿ ಮನೆಯಲ್ಲೇ ಆದದ್ದು ಹೇಳುತ್ತೇನೆ. ಮಾತಿನ ಸರಾಗತೆಯನ್ನು ಅಳೆಯುವ ಪರೀಕ್ಷೆಯಲ್ಲಿ ಒಂದು ಅಕ್ಷರ ಕೊಟ್ಟು, ಅದರಿಂದ ಮೊದಲಾಗುವ ಪದಗಳನ್ನು ಒಂದು ನಿಮಿಷದಲ್ಲಿ ಆದಷ್ಟು ಹೇಳಿಸುತ್ತಾರೆ. ಹೆಸರುಗಳೂ ಅಂಕಿಗಳೂ ಸಲ್ಲವು. ಇಂಗ್ಲಿಷಿನಲ್ಲಾದರೆ ಎಫ್, ಎ, ಎಸ್. ನಮ್ಮ ಭಾಷೆಗಳಲ್ಲಿ ಕ, ಪ, ಮ. ಒಂದು ಭಾನುವಾರ ತಮಾಷೆಗೆಂದು 'ಕ' ಕೊಟ್ಟು ಗಡಿಯಾರ ಹಿಡಿದೆ. ಜಮಖಂಡಿಯ ನನ್ನ ಹೆಂಡತಿ ಕಡಗೋಲು, ಕಣಜ, ಕರಿದಾರ, ಕುಂಟಿ ಎಂದು ಉಸಿರು ಬಿಡದೆ ಹೇಳಿದಳು. ವಾಕಡದ ಇಂಗ್ಲಿಷ್ ಶಾಲೆಯಲ್ಲಿ ಓದುವ ಮಗಳು ಆರೇಳು ಪದಕ್ಕೆ ನಿಂತಳು. ಅದರಲ್ಲೂ ಒಂದು ಮರಾಠಿಯದು. ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮಿಬ್ಬರನ್ನೂ ಸೋಲಿಸಿದಳು. ಇಂಥ ಹುಡುಗಿಯ ನೆನಪಿಗೋ ಮಾತಿಗೋ ಮುಂದೊಂದು ದಿನ ತೊಂದರೆಯಾದರೆ ಅದನ್ನು ಯಾವ ಭಾಷೆಯಲ್ಲಿ ಅಳೆಯಬೇಕು? ಹಾಗೆಯೇ, ಊರಿನಿಂದ ಬಂದು ಇಲ್ಲಿ ಮಗನ ಮನೆಯಲ್ಲಿರುವ ಮುದುಕರನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಪ್ರಶ್ನೆ ಕೇಳಿ, ಉತ್ತರ ತಡವಾದರೆ ಮರೆವಿನ ರೋಗವೆಂದು ಬರೆದುಬಿಡುವುದುಂಟು. ಜೊತೆಗೆ ಹೋದವರು ಇವರಿಗೆ ಕನ್ನಡ ಮಾತ್ರ ಬರುತ್ತದೆ ಎಂದು ವೈದ್ಯರಿಗೆ ಮೊದಲೇ ಹೇಳಬೇಕು.

ಕುಂದನ್ನು ಕಾಣದೆ ಬಿಡುವುದು ಒಂದು ತಪ್ಪಾದರೆ, ಇಲ್ಲದ ಕುಂದನ್ನು ಕಾಣುವುದು ಇನ್ನೊಂದು. 2007ರಲ್ಲಿ ಜಗತ್ತಿನ ತಜ್ಞರು ಈ ತೊಂದರೆಯನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದರು. ಆ ಲೆಕ್ಕದಲ್ಲಿ ಆರೋಗ್ಯವಂತರೂ ಗಣನೀಯ ಸಂಖ್ಯೆಯಲ್ಲಿ ರೋಗಿಗಳ ಸಾಲಿಗೆ ಸೇರಿಬಿಡುತ್ತಾರೆಂಬ ಆಕ್ಷೇಪ ಬಂತು. 2023ರಲ್ಲಿ ಮತ್ತೊಂದು ಅಂತರರಾಷ್ಟ್ರೀಯ ತಂಡ, ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದನ್ನೇ ಮಿದುಳಿನ ಹಾನಿಯೆಂದು ಕರೆಯಬಾರದು, ಓದು, ಬಡತನ, ಖಿನ್ನತೆ, ಇತರ ರೋಗಗಳನ್ನೂ ನೋಡಬೇಕು ಎಂದು ಸೂಚಿಸಿತು. ಹಾಗಾದರೆ ಬೆಂಗಳೂರಿನ 60.5 ಎಂಬ ಅಂಕಿ ಸುಳ್ಳೇ? ನನಗೆ ಹಾಗೆ ತೋರುವುದಿಲ್ಲ. ಆ ಅಂಕಿಯಲ್ಲಿ ಸ್ವಲ್ಪ ಕಳೆಯಬೇಕಾಗಬಹುದು. ಕಳೆದ ಮೇಲೂ ಬಹಳ ಮಂದಿ ಉಳಿಯುತ್ತಾರೆ.

ಇನ್ನು ಚಿಕಿತ್ಸೆ. 1996ರಲ್ಲಿ ಪಶ್ಚಿಮದಲ್ಲಿ ಮೂರು ಔಷಧಗಳ ಜೋಡಣೆ ಬಂದು ತೀವ್ರ ಮಾಂದ್ಯ ಅಲ್ಲಿ ವಿರಳವಾಯಿತು. ನಮ್ಮವರಿಗೆ ಅದು ಕೈಗೆಟುಕದ ಬೆಲೆ. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಸೇವಾಸಂಸ್ಥೆಗಳಿಗೆ ವರ್ಷಕ್ಕೆ 350 ಡಾಲರಿಗೆ ಔಷಧ ಕೊಡುವುದಾಗಿ ಸಾರಿ ಜಗತ್ತನ್ನೇ ಬೆರಗುಗೊಳಿಸಿತು. ಮಾಮಾ ಆ ವರ್ಷವೇ ಹೋದರು. 2004ರ ಏಪ್ರಿಲ್ 1ರಿಂದ ಸರಕಾರ ಉಚಿತ ಔಷಧ ಆರಂಭಿಸಿತು. ಮೊದಲು ರಕ್ಷಣಾಕಣಗಳು ಬಹಳ ಇಳಿದವರಿಗೆ ಮಾತ್ರ ಇದ್ದದ್ದು, 2017ರಿಂದ ಸೋಂಕು ಕಂಡ ಎಲ್ಲರಿಗೂ ದೊರೆಯತೊಡಗಿತು. ರೋಗ ಬಲಿತ ಮೇಲೆ ಔಷಧ ಆರಂಭಿಸಿದವರನ್ನು ಪುಣೆಯಲ್ಲಿ ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಔಷಧದಿಂದ ಬುದ್ಧಿಯ ಚುರುಕು ಸುಧಾರಿಸುವುದನ್ನು ಅದು ತೋರಿಸಿತು. ಆದರೆ ಇಲ್ಲೊಂದು ತೊಡಕಿದೆ. ಮಾತ್ರೆಯನ್ನು ದಿನವೂ ತಪ್ಪದೆ ನುಂಗಬೇಕು. ಮರೆವಿರುವವನಿಗೆ ಮೊದಲು ಮರೆಯುವುದೇ ಮಾತ್ರೆ. ಮಾತ್ರೆ ತಪ್ಪಿದರೆ ರೋಗಾಣು ಹೆಚ್ಚುತ್ತದೆ, ಅದು ಹೆಚ್ಚಿದರೆ ಮರೆವು. ಮನೆಯಲ್ಲಿ ನೆನಪಿಸುವ ಒಬ್ಬರು ಬೇಕು. ಆದರೆ ರೋಗವನ್ನು ಮನೆಯವರಿಂದಲೇ ಮುಚ್ಚಿಟ್ಟವನಿಗೆ ನೆನಪಿಸುವವರಾರು? ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನೂ ಆಸ್ಪತ್ರೆಯಲ್ಲಿ ಭೇದ ಮಾಡುವುದನ್ನೂ 2017ರಲ್ಲಿ ಆದ ಕಾನೂನು ನಿಷೇಧಿಸಿದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅತ್ತಿಯನ್ನು ಕಂಡೆ. ಅವರಿಗೂ ಸೋಂಕಿದೆ. 2006ರಿಂದ ಸರಕಾರಿ ಕೇಂದ್ರದ ಔಷಧ ತೆಗೆದುಕೊಳ್ಳುತ್ತಿದ್ದಾರೆ, ಗಟ್ಟಿಯಾಗಿದ್ದಾರೆ. ಹೆಸರು ಹಾಕದೆ ಬರೆ ಎಂದು ಅವರೇ ಒಪ್ಪಿಗೆ ಕೊಟ್ಟರು. ಈ ಲೇಖನಕ್ಕಾಗಿ ಓದಿದ್ದನ್ನೆಲ್ಲ ತಿಳಿದಷ್ಟು ಹೇಳಿದೆ. ಅವರು ಎದ್ದು ಹೋಗಿ ಟ್ರಂಕಿನಿಂದ ಆ ವರ್ಷದ ವಹಿಯನ್ನು ತಂದು ನನ್ನ ಮುಂದೆ ಇಟ್ಟರು. ಮಾಮಾನ ಕೈಬರಹ ಯುಗಾದಿಯ ಪುಟಗಳಲ್ಲಿ ದುಂಡಗೆ ಇದೆ. ಶ್ರಾವಣದ ಹೊತ್ತಿಗೆ ಸಣ್ಣದಾಗಿ, ಗೆರೆ ಬಿಟ್ಟು ಇಳಿದಿದೆ. ಪುಟಪುಟಕ್ಕೂ ಅವರು ಕಪ್ಪು ಶಾಯಿಯಲ್ಲಿ ಬರೆದ ಬೇರೀಜನ್ನು ಹೊಡೆದುಹಾಕಿ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ಬೇರೆ ಅಂಕಿ ಬರೆದಿತ್ತು. ಎಲ್ಲವೂ ಸರಿಯಾದ ಬೇರೀಜು. ನೀಲಿ ಅಕ್ಷರ ಯಾರದೆಂದು ಕೇಳಿದೆ.

"ನಂದ ಅದು. ಅವ್ರು ಮಲ್ಕೊಂಡ ಮ್ಯಾಲ ಕೂಡಿಸಿ ಬರೀತಿದ್ನಿ. ಮುಂಜಾನೆ ನೋಡಿ, ರಾತ್ರಿ ತಾವ ತಿದ್ದೀನಿ ಅಂತ ತಿಳ್ಕೋತಿದ್ರು" ಎಂದರು ಅತ್ತಿ. ಸ್ವಲ್ಪ ಹೊತ್ತು ಪುಟ ತಿರುವಿ, ವಹಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟರು.